ಕುಣಿ ಹ್ಯಾಂಗ ಕೊಡೂದ್ರಿ?

ನಮ್ಮ ಓಣಿಗೆ ವಾರಕ್ಕೆರಡು ಸಲ ಮೋಡಕಾದವನು ಬರುತ್ತಾನೆ. ಮೊದಲು ಸೈಕಲ್ ಮೇಲೆ ಬಂದು ಬಾಯಿಂದ ಕೂಗುತ್ತಿದ್ದ. ಈಗ ಮೂರು ಗಾಲಿಯ ಗಾಡಿ, ಅದರ ನೆತ್ತಿಗೊಂದು ಸ್ಪೀಕರ್. ಹಳೇ ಕಬ್ಬಿಣ, ಹಳೇ ತಾಮ್ರ, ಹಳೇ ಹಿತ್ತಾಳಿ, ಕೆಟ್ಟ ಮಿಕ್ಸರ್, ಮುರಿದ ಕುರ್ಚಿ ಎಂದು ಅವನ ದನಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹಾಡಿಕೊಂಡು ಹೋಗುತ್ತದೆ, ಅವನು ಮಾತ್ರ ಬಾಯಲ್ಲಿ ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೂತಿರುತ್ತಾನೆ. ರಾಮದುರ್ಗ ತಾಲೂಕಿನ ನಮ್ಮ ಸುರೇಬಾನದಲ್ಲಿ ಹಿಂದಿನ ಕಾಲದ ವಸ್ತುಗಳನ್ನು ಇಷ್ಟು ನಿಷ್ಠೆಯಿಂದ, ಇಷ್ಟು ವರ್ಷ, ಮನೆ ಮನೆಗೆ ಬಂದು ಕೂಡಿಸಿದವರು ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ತಕರಾರು ಒಂದೇ. ಅವನ ಸಂಗ್ರಹಾಲಯಕ್ಕೆ ಹೋದ ವಸ್ತು ಎಂಟು ದಿನದೊಳಗೆ ಕರಗಿರುತ್ತದೆ.

ಹೋದ ಯುಗಾದಿಯ ಮುಂದೆ ಮನೆಗೆ ಸುಣ್ಣ-ಬಣ್ಣ ಮಾಡಿಸಬೇಕೆಂದು ಅಟ್ಟ ಇಳಿಸಿದೆವು. ಇಳಿಸಿದ್ದೆಲ್ಲ ಪಡಸಾಲೆಯಲ್ಲಿ ಹರವಿಕೊಂಡಾಗ ಕಾಲಿಡಲು ಜಾಗ ಉಳಿಯಲಿಲ್ಲ. ತಳ ತೂತಾದ ತಾಮ್ರದ ಹಂಡೆ. ಗಾಜಿಲ್ಲದ ಎರಡು ಕಂದೀಲು. ಕಾಲು ಮುರಿದ ತೊಟ್ಟಿಲು. ಬಾರಕೋಲು. ಸೇರು, ಅಚ್ಚೇರು, ಪಾವು, ಚಟಾಕು ಎಂದು ಒಂದರೊಳಗೊಂದು ಕೂತ ಹಿತ್ತಾಳಿಯ ಅಳತೆಗಳು. ಮಗ್ಗದ ನಾಲ್ಕು ಲಾಳಿ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಮೋಡಿ ಅಕ್ಷರದ ಕಾಗದದ ಗಂಟು. ಈ ಗಂಟನ್ನು ಮೂರು ತಲೆಮಾರಿನಿಂದ ಯಾರೂ ಬಿಚ್ಚಿ ಓದಿಸಿಲ್ಲ. ಓದುವವರು ಸಿಗಲಿಲ್ಲ ಎನ್ನುವುದು ಹೊರಗೆ ಹೇಳುವ ಮಾತು. ಓದಿಸಿದರೆ ಯಾರದೋ ಸಾಲ ನಮ್ಮ ತಲೆಯ ಮೇಲೆ ಬಂದೀತು ಎನ್ನುವುದು ಒಳಗಿನ ಅಂಜಿಕೆ.

ಧಾರವಾಡದಲ್ಲಿ ಕಲಿಯುವ ನನ್ನ ತಮ್ಮನ ಮಗ ರಜೆಗೆ ಬಂದಿದ್ದ. ಸೊಂಟಕ್ಕೆ ಕೈಯಿಟ್ಟು ಎಲ್ಲ ನೋಡಿ, "ದೊಡ್ಡಪ್ಪಾ, ಇವನ್ನೆಲ್ಲಾ ಮೋಡಕಾಕ್ಕ ಹಾಕಬ್ಯಾಡ್ರಿ, ಮ್ಯೂಜಿಯಂಗೆ ಕೊಡ್ರಿ" ಅಂದ.

ಹೊಸ್ತಿಲ ಹತ್ತಿರ ಕೂತಿದ್ದ ಅವ್ವ ಕೇಳಿದಳು: "ಹಂಗಂದ್ರೇನೋ ತಮ್ಮಾ?"

"ಹಳೇ ಸಾಮಾನ ಕೂಡಿಸಿ ಇಡೂ ಜಾಗಾ, ಆಯಿ. ಯಾರೂ ಮುಟ್ಟಂಗಿಲ್ಲ, ಬಳಸಂಗಿಲ್ಲ. ಸುಮ್ಮನ ನೋಡೂದು."

"ಹಂಗಂದ್ರ ಅಟ್ಟ ಅನ್ನಲ್ಲ!"

ಇಷ್ಟಕ್ಕೆ ಮುಗಿಯಬೇಕಿದ್ದ ಮಾತು ಮುಗಿಯಲಿಲ್ಲ. ಹುಡುಗ ಸೇರನ್ನು ಕೈಗೆತ್ತಿಕೊಂಡು, ಇದರ ಬಾಯಿಗೆ ತಗ್ಗು ಬಿದ್ದಿದೆ, ಇದನ್ನು ಕೊಟ್ಟರೆ ತೆಗೆದುಕೊಳ್ಳಲಿಕ್ಕಿಲ್ಲ ಎಂದು ಬದಿಗೆ ಸರಿಸಿದ. ಅವ್ವ ಸಿಟ್ಟಾದಳು. ಆ ತಗ್ಗೇ ಆ ಸೇರಿನ ಬೆಲೆಯಂತೆ. ನನ್ನ ಅಜ್ಜಿಯ ಕೈಯಿಂದ ಜಾರಿ ಒರಳಿಗೆ ಬಡಿದು ಅದು ತಗ್ಗಾದದ್ದು. ತಗ್ಗಾದ ಸೇರಿನಲ್ಲಿ ಜೋಳ ಒಂದು ಹಿಡಿ ಕಡಿಮೆ ಹಿಡಿಯುತ್ತದೆ. ಅಂದಿನಿಂದ ಅಜ್ಜಿ ನೆರೆಮನೆಯಿಂದ ಕಾಳು ಕಡ ತರುವಾಗ ಈ ತಗ್ಗಿನ ಸೇರನ್ನು ಒಯ್ಯುತ್ತಿದ್ದಳು, ತಿರುಗಿ ಮುಟ್ಟಿಸುವಾಗ ಅವರ ಮನೆಯ ಚೊಕ್ಕ ಸೇರಿನಿಂದಲೇ ಅಳೆದು ಹಾಕುತ್ತಿದ್ದಳು. "ನಮ್ಮ ಮನಿ ಋಣ ಯಾರ ಮ್ಯಾಲೂ ಇರಲಿ, ಯಾರ ಋಣಾನೂ ನಮ್ಮ ಮ್ಯಾಲ ಬ್ಯಾಡ ಅಂತಿದ್ಲು ನಮ್ಮತ್ತಿ" ಎಂದಳು ಅವ್ವ. ಐವತ್ತೆಂಟು ವರ್ಷದ ನನಗೆ ಈ ಸಂಗತಿ ಅವತ್ತೇ ಗೊತ್ತಾದದ್ದು. ಸೇರು ಮನೆಯಲ್ಲೇ ಇತ್ತು, ತಗ್ಗೂ ಇತ್ತು, ಕತೆ ಅವ್ವನ ಹೊಟ್ಟೆಯಲ್ಲಿತ್ತು.

ಈ ಸೇರನ್ನು ಹಾಗೆಯೇ ಒಯ್ದು ಯಾವುದಾದರೂ ಗಾಜಿನ ಕಪಾಟಿನಲ್ಲಿಟ್ಟರೆ ಕೆಳಗೆ ಏನು ಬರೆದಾರು? 'ಧಾನ್ಯ ಅಳೆಯುವ ಸೇರು, ಹಿತ್ತಾಳೆ.' ಬಹಳವಾದರೆ '20ನೆಯ ಶತಮಾನ' ಎಂದು ಸೇರಿಸಿಯಾರು. 1957ರ ಏಪ್ರಿಲ್ ಒಂದರಂದು ನಯಾ ಪೈಸೆ ಬಂದು, ಅದರ ಹಿಂದೆಯೇ ಕಿಲೋ-ಲೀಟರು ಬಂದು ಸೇರು-ಪಾವುಗಳು ಸಂತೆಯಿಂದ ಎದ್ದುಹೋದವು ಎಂಬ ಇತಿಹಾಸವನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ತಗ್ಗಿನ ಇತಿಹಾಸ ಬೇಕಾದರೆ ಅವ್ವನನ್ನೇ ಕೇಳಬೇಕು, ಅವ್ವನಿಗೆ ಈಗ ಎಂಬತ್ಮೂರು.

ಇನ್ನು ಲಾಳಿಗಳ ವಿಷಯ. ಸುರೇಬಾನ-ಮನಿಹಾಳದ ಕಡೆಯವರಿಗೆ ಮಗ್ಗದ ಬಗ್ಗೆ ಹೇಳುವುದು ಮೀನಿಗೆ ಈಜು ಹೇಳಿಕೊಟ್ಟಂತೆ. ಆದರೂ ಹೊರಗಿನವರಿಗಾಗಿ ಹೇಳುತ್ತೇನೆ. ನಮ್ಮದು ಕುಣಿಮಗ್ಗ. ಮಗ್ಗ ನೆಲದ ಮೇಲಿರುತ್ತದೆ, ನೇಯುವವನ ಕಾಲು ನೆಲದೊಳಗೆ ಇರುತ್ತವೆ. ಸೊಂಟದ ಮಟ ಕುಣಿ ತೋಡಿ, ಅದರ ದಂಡೆಯ ಮೇಲೆ ಕೂತು, ಕಾಲು ಇಳಿಬಿಟ್ಟು ಕೆಳಗಿನ ಹಲಿಗೆ ತುಳಿಯುತ್ತ ಹಾಸಿನ ನಡುವೆ ಹೊಕ್ಕಿನ ಲಾಳಿ ಓಡಿಸಬೇಕು. ಕುಣಿಯ ತಂಪಿಗೆ ನೂಲು ಬೇಗ ಹರಿಯುವುದಿಲ್ಲ ಎಂದು ಹಳಬರು ಹೇಳುತ್ತಾರೆ. ನಮ್ಮ ಮನೆಯ ಮಗ್ಗ ನನ್ನ ಅಪ್ಪನ ಕಾಲಕ್ಕೇ ನಿಂತಿತು. ಕಟ್ಟಿಗೆ ಯಾರದೋ ಮನೆಯ ಜಂತಿಯಾಯಿತು, ಫಣಿ ಎಲ್ಲಿ ಹೋಯಿತೋ ತಿಳಿಯದು, ಲಾಳಿ ಅಟ್ಟಕ್ಕೆ ಏರಿದವು.

ಮೂರು ಮನೆ ಆಚೆ ಒಬ್ಬ ಹಿರಿಯರಿದ್ದಾರೆ. ಇವತ್ತಿಗೂ ಸೀರೆ ನೇಯುತ್ತಾರೆ. ನಮ್ಮ ಹುಡುಗ ಅವರ ಹತ್ತಿರವೂ ಹೋಗಿ, "ಅಜ್ಜಾರ, ನೀವು ನಿಲ್ಲಿಸಿದ ಮ್ಯಾಲ ಈ ಮಗ್ಗಾ ಮ್ಯೂಜಿಯಂಗೆ ಕೊಡತೀರೇನ್ರಿ?" ಎಂದು ಕೇಳಿದ. ಕೇಳಬಾರದ ಪ್ರಶ್ನೆ, ಹುಡುಗ ಬುದ್ಧಿ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಲಾಳಿ ಕೈಯಲ್ಲಿ ಹಿಡಿದುಕೊಂಡೇ ಒಂದು ಗಳಿಗೆ ಯೋಚಿಸಿ ಹೇಳಿದರು: "ಮಗ್ಗಾ ಕೊಡತೇನೋ ತಮ್ಮಾ. ಕುಣಿ ಹ್ಯಾಂಗ ಕೊಡೂದು?"

ನನಗೆ ಆ ಮಾತು ಮರೆಯಲಾಗಿಲ್ಲ. ಮಗ್ಗವನ್ನು ಬಿಚ್ಚಿ ಟೆಂಪೋದಲ್ಲಿ ಹಾಕಬಹುದು. ಯಾವುದೋ ಊರಿನ ಫರಶಿ ನೆಲದ ಮೇಲೆ ಕಂಬ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿ, 'ಮುಟ್ಟಬೇಡಿ' ಎಂದು ಬರೆಯಬಹುದು. ಅದರ ಮುಂದೆ ಕೂರುವವನು ಕಾಲು ಎಲ್ಲಿ ಇಡಬೇಕು? ಎಷ್ಟೋ ಸಂಗ್ರಹಾಲಯಗಳಲ್ಲಿ ನಾನು ಕಂಡದ್ದು ಇದೇ, ಕುಣಿ ಇಲ್ಲದ ಮಗ್ಗ. ರೊಟ್ಟಿಯ ಹಂಚು ಇದೆ, ಒಲೆಯ ಮಸಿ ಇಲ್ಲ.

ಆದರೆ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಹಾಗಂದರೆ ಮೋಡಕಾದವನೇ ಗೆಲ್ಲುತ್ತಾನೆ. ಅವನಿಗಿಂತ ದೊಡ್ಡ ಮೋಡಕಾದವಳು ನಮ್ಮ ಮಲಪ್ರಭೆ. 2019ರ ಆಗಸ್ಟಿನಲ್ಲಿ ಅವಳು ಉಕ್ಕಿ ರಾಮದುರ್ಗ ತಾಲೂಕಿನ ದಂಡೆಯ ಊರುಗಳಿಗೆ ನುಗ್ಗಿದಾಗ ಜನ ಮೊದಲು ಎತ್ತಿಕೊಂಡದ್ದು ಮಕ್ಕಳನ್ನು, ಆಮೇಲೆ ದನ, ಆಮೇಲೆ ರೇಷನ್ ಕಾರ್ಡು. ಅಜ್ಜನ ಪೆಟ್ಟಿಗೆಯನ್ನು ಯಾರು ನೆನೆಸುತ್ತಾರೆ? ನೆನೆಸಬೇಕೆಂದೂ ಇಲ್ಲ.

ಕೊಡಲು ಜನ ಹಿಂದೆಮುಂದೆ ನೋಡುವುದಕ್ಕೆ ಬೇರೆ ಕಾರಣವಿದೆ. 'ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ' ಎಂಬ ಗಾದೆ ಕನ್ನಡ ನಾಡಿಗೆಲ್ಲ ಗೊತ್ತು. ಗೊಡಚಿಯ ವೀರಭದ್ರ ತಾಲೂಕಿನಲ್ಲೇ ಇರುವ ನಮಗೆ ಸ್ವಲ್ಪ ಹೆಚ್ಚೇ ಗೊತ್ತು. ಈ ಸೀಮೆಯ ಜನರ ಮನೆ ಬಾಗಿಲಿಗೆ ಬಂದು 'ನಿಮ್ಮ ಹತ್ತಿರ ಇದ್ದದ್ದನ್ನು ತಂದು ಒಪ್ಪಿಸಿ' ಎಂದು ಕೇಳಿದವರು ಒಬ್ಬರೇ ಇಬ್ಬರೇ? 1857ರಲ್ಲಿ ಇಂಗ್ಲಿಷರು ಕಾಯ್ದೆ ತಂದು ಹತ್ಯಾರ ಒಪ್ಪಿಸಿರಿ ಎಂದರು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ, ಆ ವರ್ಷದ ನವೆಂಬರಿನಲ್ಲಿ ಅವರ ಊರಿಗೇ ಬೆಂಕಿ ಬಿತ್ತು. ಅವರ ಕೈಯಲ್ಲಿದ್ದ ಕತ್ತಿ-ಬಂದೂಕುಗಳಿಗೆ ಏನಾಯಿತೋ ನನಗೆ ತಿಳಿಯದು. ಅವರ ಮೇಲೆ ಕಟ್ಟಿದ ಲಾವಣಿ ಉಳಿಯಿತು. ಅದನ್ನು ಬರೆದುಕೊಂಡು ಅಚ್ಚು ಮಾಡಿದವರು ಯಾರು ಗೊತ್ತೇ? ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ!

ಮರುವರ್ಷ ಸರತಿ ನಮ್ಮ ಊರಿಗೇ ಬಂತು. ಹೊರಗಿನವರು ಸುರೇಬಾನ ಎಂದರೆ ಶಬರಿಕೊಳ್ಳ ಎನ್ನುತ್ತಾರೆ, ಸೀರೆ ಎನ್ನುತ್ತಾರೆ. ಇತಿಹಾಸದ ಪುಸ್ತಕದಲ್ಲಿ ಊರಿನ ಹೆಸರು ಇರುವುದು ಒಂದು ರಾತ್ರಿಯ ಕಾರಣಕ್ಕೆ. ನರಗುಂದದ ದೊರೆ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತಕಕ್ಕೆ ಇಂಗ್ಲಿಷರ ಒಪ್ಪಿಗೆ ಸಿಗದೆ ಕುದಿಯುತ್ತಿದ್ದ. ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ ರಾಮದುರ್ಗದಿಂದ ನರಗುಂದಕ್ಕೆ ಹೊರಟು ಸುರೇಬಾನದಲ್ಲಿ ಬೀಡುಬಿಟ್ಟಿದ್ದ. 1858ರ ಮೇ 29ರ ರಾತ್ರಿ ಬಾಬಾಸಾಹೇಬನ ದಂಡು ಬಂದು ಅವನನ್ನು ಇಲ್ಲಿಯೇ ಕೊಂದಿತು. ತಲೆ ನರಗುಂದದ ಬಾಗಿಲಿಗೆ ತೂಗಿತು. ಎರಡು ವಾರ ಕಳೆಯುವುದರೊಳಗೆ ನರಗುಂದ ಬಿತ್ತು, ದೊರೆ ತೊರಗಲ್ಲಿನ ಕಡೆಯ ಅಡವಿಯಲ್ಲಿ ಸಿಕ್ಕ, ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಿಗೇರಿದ. ಇದಿಷ್ಟು ಎಲ್ಲರೂ ಹೇಳುವ ಕತೆ. ನನ್ನನ್ನು ಕಾಡುವುದು ಬೇರೆ. ಬಾಬಾಸಾಹೇಬ ಓದುಗ. ಅವನ ಅರಮನೆಯಲ್ಲಿ ಸಾವಿರಾರು ಗ್ರಂಥಗಳಿದ್ದವು, ಬಹುಪಾಲು ಸಂಸ್ಕೃತ. ಅವನ ಖಡ್ಗದ ಬಗ್ಗೆ ಭಾಷಣ ಮಾಡುವವರು ನೂರು ಜನ, ಆ ಗ್ರಂಥಗಳು ಯಾರ ಅಟ್ಟ ಸೇರಿದವು ಎಂದು ಕೇಳುವವರು ಒಬ್ಬರೂ ಇಲ್ಲ. ಯಾರಾದರೂ ಪುಣ್ಯಾತ್ಮರ ಮನೆಯಲ್ಲಿ ಒಂದು ಪುಟವಾದರೂ ಇದ್ದರೆ ದಯವಿಟ್ಟು ಅದರಲ್ಲಿ ಚುರಮುರಿ ಕಟ್ಟಬೇಡಿ.

ಕಲ್ಲುಗಳ ಕತೆ ಇನ್ನೂ ಸ್ವಾರಸ್ಯ. ನಮ್ಮ ಹಿರಿಯರು ದಾನ ಕೊಟ್ಟರೆ ಅದಕ್ಕೆ ಪಾವತಿ ಮಾಡಿಸುತ್ತಿದ್ದರು. ಆ ಪಾವತಿಯನ್ನೇ ನಾವು ಶಾಸನ ಎನ್ನುವುದು. ಕೊಟ್ಟವರ ಹೆಸರು, ಇಸಕೊಂಡವರ ಹೆಸರು, ಕೊಟ್ಟ ದಿನ, ಹೊಲದ ನಾಲ್ಕೂ ಗಡಿ, ಸಾಕ್ಷಿ, ಎಲ್ಲ ಬರೆಸಿ ಕೊನೆಗೊಂದು ಶಾಪ. ಈ ದಾನ ಕೆಡಿಸಿದವನು ಕಾಶಿಯಲ್ಲಿ ಕವಿಲೆ ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು. ಸವದತ್ತಿಯಿಂದ ಬೆಳಗಾವಿಯವರೆಗೆ ಆಳಿದ ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, ಶಕ 1127ರಲ್ಲಿ, ಬೆಳಗಾವಿಯ ಬಸದಿಗೆ ಕೊಟ್ಟ ದಾನಕ್ಕೆ ಹೀಗೆ ಎರಡು ಕಲ್ಲು ನಿಲ್ಲಿಸಿದ್ದರು. ಆ ಎರಡೂ ಕಲ್ಲುಗಳನ್ನು ಒಯ್ದು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿ ಇಟ್ಟರು. ಪಾವತಿಯನ್ನೇ ಎತ್ತಿಕೊಂಡು ಹೋದ ಮೇಲೆ ಶಾಪ ಯಾರನ್ನು ಹುಡುಕಿಕೊಂಡು ಹೋಗಬೇಕು? ಹಾಗೆಂದು ಎದೆ ಬಡಿದುಕೊಳ್ಳಲೂ ನನಗೆ ಮುಖವಿಲ್ಲ. ಇಲ್ಲೇ ಉಳಿದ ಎಷ್ಟೋ ಕಲ್ಲುಗಳ ಮೇಲೆ ನಾವು ಬಟ್ಟೆ ಒಗೆದಿದ್ದೇವೆ, ಒಗೆದ ಸಾಬೂನಿಗೆ ಅಕ್ಷರ ಸವೆದಿವೆ.

ನಮ್ಮ ಮನೆತನಕ್ಕೂ ಒಂದು ಪೆಟ್ಟು ಬಿದ್ದಿದೆ. ನನ್ನ ಸೋದರಮಾವ ಒಮ್ಮೆ ತಾಡೋಲೆಯ ಒಂದು ಕಟ್ಟನ್ನು, ಹಲಿಗೆ-ದಾರದ ಸಮೇತ, ಒಂದು ಸಂಗ್ರಹದವರಿಗೆ ಕೊಟ್ಟ. ಹೆಸರು ಬೇಡ, ಕೊಟ್ಟವರೂ ಇಲ್ಲ, ಇಸಕೊಂಡವರೂ ಇಲ್ಲ. ಬಂದವರು ಮಜ್ಜಿಗೆ ಕುಡಿದು, ಬಹಳ ಉಪಕಾರವಾಯಿತು ಎಂದು ಕೈಮುಗಿದು ಹೋದರು. ಹತ್ತು ವರ್ಷದ ಮೇಲೆ ಮಾವ ಮೊಮ್ಮಗಳಿಗೆ ತೋರಿಸಬೇಕೆಂದು ಹೋದರೆ, "ಅಂಥಾದ್ದು ನಮ್ಮ ಹತ್ತಿರ ಇಲ್ಲರೀ, ಪಾವತಿ ಐತೇನ್ರಿ?" ಎಂದರಂತೆ. ಮಜ್ಜಿಗೆಗೆ ಯಾರು ಪಾವತಿ ಇಡುತ್ತಾರೆ! ಆಮೇಲೆ ಮಾವ ತನ್ನ ಹತ್ತಿರ ಉಳಿದಿದ್ದ ಹಳೇ ವಸ್ತುಗಳನ್ನು ಯಾರಿಗೂ ತೋರಿಸಲಿಲ್ಲ. ಒಬ್ಬರು ಮಾಡಿದ ತಪ್ಪಿಗೆ ಹತ್ತೂರಿನ ಅಟ್ಟಗಳ ಬಾಗಿಲು ಹಾಕಿಕೊಳ್ಳುತ್ತವೆ.

ಕೈ ನೀಡಿದವನು ಎಂಥವನು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ವಚನಗಳ ತಾಡೋಲೆಗಾಗಿ ಅವರು ಹುಡುಕಿದ್ದು ಇಂಥವೇ ಮನೆಗಳನ್ನು, ಮಠಗಳನ್ನು. ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದ ಕಟ್ಟುಗಳನ್ನು ಜನ ಅವರ ಕೈಗೆ ಕೊಟ್ಟರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಅಚ್ಚಿನ ತೊಂದರೆ ತಾಳಲಾರದೆ ಅವರು ಇದ್ದ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮಂದಿಯ ಮನೆಯ ವಸ್ತುವಿಗಾಗಿ ತನ್ನ ಮನೆ ಕಳೆದುಕೊಂಡವನಿಗೆ ಯಾರು ಇಲ್ಲ ಅಂದಾರು? ಮೈಸೂರಿನ ಕಡೆ ಪಿ.ಆರ್. ತಿಪ್ಪೇಸ್ವಾಮಿ ಎಂಬ ಚಿತ್ರಕಲಾವಿದರು ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರ ಜೊತೆಗೂಡಿ ಹಳ್ಳಿ ಹಳ್ಳಿ ತಿರುಗಿದರು. ಅವರು ಹಿಂದೆ ಬಿಟ್ಟುಹೋದದ್ದು ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ. ಆರೂವರೆ ಸಾವಿರಕ್ಕೂ ಹೆಚ್ಚು ವಸ್ತುಗಳು, ರಾಜಕುಮಾರಿಗೆಂದು ಕಟ್ಟಿಸಿದ ಅರಮನೆಯಲ್ಲಿ ಗೌಡಗೊಲ್ಲರ ಮೊರ-ಬುಟ್ಟಿ. ಇದಕ್ಕಿಂತ ಚೆಂದದ ಸೇಡು ನಾನು ಕಂಡಿಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಈ ಭಾಗದ ಕಲ್ಲು, ನಾಣ್ಯ, ಕಾಗದಗಳಿಗೆ ಸೂರು ಕೊಟ್ಟಿದೆ. ಕಿತ್ತೂರಿನ ಕೋಟೆಯೊಳಗಿನ ಸಂಗ್ರಹಾಲಯದಲ್ಲಿ ಕತ್ತಿ, ಉಕ್ಕಿನ ಅಂಗಿಗಳ ಜೊತೆ ಅರಮನೆಯ ಕೆತ್ತನೆಯ ಬಾಗಿಲು-ಕಿಟಕಿಗಳಿವೆ. ಶಾಲೆಯ ಹುಡುಗರು ಕತ್ತಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಬಾಗಿಲಿನ ಮುಂದೆ ನಿಲ್ಲುತ್ತೇನೆ. 1824ರ ಅಕ್ಟೋಬರ್ 23ರಂದು ಇಂಗ್ಲಿಷರ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಬಿದ್ದ ಸುದ್ದಿ ಇಂಥ ಯಾವುದೋ ಬಾಗಿಲಿನಿಂದಲೇ ಒಳಗೆ ಹೋಗಿರಬೇಕಲ್ಲ.

ಈಚೆಗೆ ನಮ್ಮ ಪಕ್ಕದ ಗದಗ ಜಿಲ್ಲೆಯ ಲಕ್ಕುಂಡಿಯವರು ನಾಚಿಕೆಯಾಗುವ ಹಾಗೆ ಮಾಡಿ ತೋರಿಸಿದ್ದಾರೆ. ನಾಚಿಕೆ ನಮಗೆ, ಅವರಿಗಲ್ಲ. 2024ರ ನವೆಂಬರಿನಲ್ಲಿ ಸಚಿವ ಎಚ್.ಕೆ. ಪಾಟೀಲರು ಮುಂದೆ ನಿಂತು ಪ್ರಾಚೀನ ವಸ್ತುಗಳನ್ನು ಕೂಡಿಸುವ ಅಭಿಯಾನ ನಡೆಸಿದರು. ಹಿತ್ತಿಲಲ್ಲಿ, ಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ ಬಿದ್ದಿದ್ದ ಮೂರ್ತಿಗಳು, ಕಂಬದ ತುಣುಕು, ಬರಹದ ಕಲ್ಲುಗಳು ಒಂದೇ ದಿನದಲ್ಲಿ ನೂರುಗಟ್ಟಲೆ ಬಂದು ಸೇರಿದವು. ಅದು ಅತ್ತಿಮಬ್ಬೆಯ ಊರು, ನೆನಪಿರಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಆಕೆ. ಸಾವಿರ ಕೈಗೆ ಕೊಟ್ಟದ್ದರಿಂದಲೇ ಪುಸ್ತಕ ಉಳಿಯಿತು. ಆ ಊರಿನವರಿಗೆ ಕೊಡುವುದು ರಕ್ತದಲ್ಲೇ ಇರಬೇಕು.

ನಮ್ಮ ಊರಿನ ಕಟ್ಟೆಯ ಮೇಲೆ ಈ ಮಾತು ತೆಗೆದೆ. ಮೊದಲ ಪ್ರಶ್ನೆ ಬಂದದ್ದು ಕಾಯ್ದೆಯ ಕಡೆಯಿಂದ. "ಹಳೇದು ಐತಿ ಅಂತ ಹೇಳಿದ್ರ ಪೊಲೀಸರು ಬರೂದಿಲ್ಲೇನ್ರಿ?" ಈ ಅಂಜಿಕೆ ಸುಳ್ಳೂ ಅಲ್ಲ, ಪೂರಾ ಖರೆಯೂ ಅಲ್ಲ. ನೆಲದೊಳಗೆ ಸಿಕ್ಕ ನಿಧಿಯದೊಂದು ಲೆಕ್ಕ, ಅಟ್ಟದ ಮೇಲಿನದು ಇನ್ನೊಂದು. ಹೂತಿಟ್ಟದ್ದು ಸಿಕ್ಕರೆ, ಹತ್ತು ರೂಪಾಯಿಗೆ ಮಿಕ್ಕಿದ ಬೆಲೆಯದಾದರೆ, ಕಲೆಕ್ಟರರಿಗೆ ತಿಳಿಸಲೇಬೇಕು ಎಂದು 1878ರಲ್ಲೇ ಕಾಯ್ದೆಯಾಗಿದೆ. ಇನ್ನು 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ್ದು ಪುರಾತನ ವಸ್ತು, ಕೈಬರಹದ ಗ್ರಂಥಕ್ಕೆ ಎಪ್ಪತ್ತೈದು ವರ್ಷವೇ ಸಾಕು. ಮೂರ್ತಿ-ಚಿತ್ರಗಳಂಥ ಕೆಲವನ್ನು ನೋಂದಾಯಿಸಬೇಕು, ಪರದೇಶಕ್ಕೆ ಸಾಗಿಸಬಾರದು. ಮನೆಯಲ್ಲಿ ಇಟ್ಟುಕೊಂಡದ್ದಕ್ಕೇ ಜೈಲು ಎಂದಿಲ್ಲ, ನೋಂದಾಯಿಸಬೇಕಾದದ್ದನ್ನು ನೋಂದಾಯಿಸದಿದ್ದರೆ ಶಿಕ್ಷೆ ಇದೆ. ನಾನು ಇಷ್ಟು ಹೇಳಿ ಮುಗಿಸುವಾಗ ಕಟ್ಟೆಯ ತುದಿಯಲ್ಲಿ ಕೂತವರೊಬ್ಬರು, "ಎಪ್ಪತ್ತೈದ ದಾಟಿದ್ರ ಪುರಾತನ ಅಂದ್ರ ನನ್ನೂ ನೋಂದಣಿ ಮಾಡಸ್ರಿ, ಸೊಸೀಗೆ ಪರದೇಶಕ್ಕ ಕಳಸಬ್ಯಾಡ ಅಂತ ಹೇಳ್ರಿ" ಎಂದರು. ಅಮೆರಿಕದಲ್ಲಿರುವ ಮಗನ ಮನೆಗೆ ಬರಲು ಅವರಿಗೆ ಒತ್ತಾಯ ನಡೆದಿತ್ತು.

ಎರಡನೆಯ ಪ್ರಶ್ನೆ ಹೆಣ್ಣುಮಕ್ಕಳದು. ನಾವು ಬಳಸಿ ಸವೆದದ್ದನ್ನು ಹೇಗೆ ಕೊಡೋದು, ಕೊಟ್ಟರೆ ಹೊಸದು ಕೊಡಬೇಕು, ಚೊಕ್ಕದ್ದು ಕೊಡಬೇಕು, ಮಂದಿ ಏನಂದಾರು? ಶಬರಿಕೊಳ್ಳದ ದಾರಿಯಲ್ಲಿ ದಿನಾ ಓಡಾಡುವವರು ಹೀಗೆ ಕೇಳಬಹುದೇ! ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎಂದು ನಮ್ಮ ನಂಬಿಕೆ. ಆಕೆ ಅಂಗಡಿಯಿಂದ ಡಜನ್ ಬಾಳೆಹಣ್ಣು ತಂದು ಇಡಲಿಲ್ಲ. ಒಂದೊಂದು ಬಾರೆಹಣ್ಣನ್ನೂ ತಾನು ಕಚ್ಚಿ ನೋಡಿ ಕೊಟ್ಟಳು. ಸಂಗ್ರಹಾಲಯಕ್ಕೂ ಬೇಕಾದದ್ದು ಅದೇ ಹಣ್ಣು, ಹಲ್ಲಿನ ಗುರುತು ಇರುವುದು. ತಗ್ಗು ಬಿದ್ದ ಸೇರು, ಹೆಬ್ಬೆರಳಿಗೆ ಸವೆದ ಲಾಳಿ, ಎಣ್ಣೆ ಕುಡಿದು ಕಪ್ಪಾದ ತೊಟ್ಟಿಲ ಹಿಡಿಕೆ.

ನಮ್ಮ ಪಡಸಾಲೆಯ ವ್ಯವಹಾರ ಏನಾಯಿತು ಎಂದು ಕೇಳುತ್ತೀರಿ. ಹಂಡೆ ಮೋಡಕಾಕ್ಕೆ ಹೋಯಿತು, ಅವ್ವನೇ ಕೊಡಿಸಿದಳು. ಅದಕ್ಕೆ ಯಾವ ಕತೆಯೂ ಇಲ್ಲ, ತಳವೂ ಇಲ್ಲ ಎಂದಳು. ಮೋಡಿ ಕಾಗದಗಳನ್ನು ಹುಡುಗ ಧಾರವಾಡಕ್ಕೆ ಒಯ್ದು, ಓದಬಲ್ಲವರ ಮುಂದೆ ಇಟ್ಟಿದ್ದಾನೆ. ಸಾಲ ಹೊರಬಿದ್ದರೆ ನನ್ನ ಹೆಸರು ಹೇಳಬೇಡ ಎಂದಿದ್ದೇನೆ. ಸೇರು-ಪಾವುಗಳನ್ನು ಕೊಡಲು ಅವ್ವ ಒಪ್ಪಿದ್ದಾಳೆ, ಒಂದು ಕರಾರಿನ ಮೇಲೆ. ತಗ್ಗಿನ ಕತೆಯನ್ನು ತನ್ನ ಬಾಯಿಂದಲೇ ಬರೆದುಕೊಳ್ಳಬೇಕು, ಅತ್ತೆಯ ಹೆಸರು ಹಾಕಬೇಕು. ಲಾಳಿಗಳ ಜೊತೆ ಹುಡುಗ ಆ ನೇಯುವ ಅಜ್ಜನವರ ಕುಣಿಯ ಅಳತೆಯನ್ನೂ ಟೇಪು ಹಿಡಿದು ಬರೆದುಕೊಂಡ. ಉದ್ದ, ಅಗಲ, ಆಳ, ಕೂರುವ ದಂಡೆಯಿಂದ ಹಲಿಗೆಗೆ ಎಷ್ಟು ಎಂದು. ಅಜ್ಜ ಕುಣಿಯೊಳಗಿಂದ ಕಾಲು ತೆಗೆಯದೆಯೇ, "ಕುಣಿ ಕೊಡಾಕ ಬರೂದಿಲ್ಲ ಅಂದ್ರ ಅದರ ಜಾತಕಾ ಒಯ್ಯಾಕ ಹತ್ಯಾನ" ಎಂದು ನಕ್ಕರು.

ನಿಮ್ಮ ಮನೆಯಲ್ಲೂ ಅಟ್ಟ ಇರುತ್ತದೆ. ಇಳಿಸುವ ದಿನ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಆಯಾ ವಸ್ತುವಿಗೆ ದಾರದಿಂದ ಕಟ್ಟಿ. ಕೊಡುವಾಗ ಅದು ಅವರ ರಜಿಸ್ಟರಿನಲ್ಲಿ ಏರಿದ ನಂಬರು ಕೇಳಿ, ಸಹಿ ಮಾಡಿದ ಪಾವತಿ ಇಸಕೊಳ್ಳಿ. ಮಜ್ಜಿಗೆ ಆಮೇಲೆ ಕೊಡಿ.